ಡಾಲರ್ ಸಾಲದ ಮೂರು ವಾಕ್ಯಗಳು

ಸಿನಿಮಾದ ಒಂದು ಡೈಲಾಗನ್ನು ವಾರಗಟ್ಟಲೆ ಬಿಡಿಸಿ ಬಿಡಿಸಿ ನೋಡೋ ನಾವು, ನಮ್ಮ ತಲೆ ಮೇಲೆ ಸಾಲ ಹೊರಿಸೋ ವಾಕ್ಯಗಳನ್ನು ಒಂದು ಸಲವೂ ನೆಟ್ಟಗೆ ಓದಲ್ಲ. 2019ರ ಜುಲೈ 5ರಂದು ನಿರ್ಮಲಾ ಸೀತಾರಾಮನ್ ಓದಿದ ಬಜೆಟ್ ಭಾಷಣದಲ್ಲಿ ಅಂಥ ಮೂರು ವಾಕ್ಯಗಳಿವೆ. ಅವತ್ತು ಎಲ್ಲರ ಕಣ್ಣು ಇದ್ದದ್ದು ಬ್ರೀಫ್‌ಕೇಸ್ ಬದಲು ಅವರ ಕೈಯಲ್ಲಿದ್ದ ಕೆಂಪು ಬಟ್ಟೆಯ ಬಹಿಖಾತೆ ಮೇಲೆ. ಹಳೇ ಕಾಲದ ಸಾಹುಕಾರರ ಲೆಕ್ಕದ ಪುಸ್ತಕ, ನಮ್ಮ ಸಂಸ್ಕೃತಿ, ಇತ್ಯಾದಿ. ಆ ಕೆಂಪು ಬಟ್ಟೆಯ ಒಳಗೆ ಇದ್ದದ್ದು ಮಾತ್ರ, ಸ್ವತಂತ್ರ ಭಾರತದ ಯಾವ ಸರ್ಕಾರವೂ ಅಲ್ಲಿಯವರೆಗೆ ಮಾಡದ ಕೆಲಸವೊಂದನ್ನು ಮಾಡ್ತೀವಿ ಅನ್ನೋ ಘೋಷಣೆ.

ವಾಕ್ಯಗಳ ಸಾರ ಇಷ್ಟು. ಒಂದು, ಜಿಡಿಪಿಗೆ ಹೋಲಿಸಿದರೆ ಭಾರತ ಸರ್ಕಾರದ ವಿದೇಶಿ ಸಾಲ ಶೇ. 5ಕ್ಕಿಂತ ಕಡಿಮೆ, ಜಗತ್ತಿನಲ್ಲೇ ಅತಿ ಕಡಿಮೆ ಇರುವವರ ಸಾಲಿನಲ್ಲಿ ನಾವಿದ್ದೇವೆ. ಎರಡು, ಸರ್ಕಾರ ತಾನು ಎತ್ತುವ ಒಟ್ಟು ಸಾಲದ ಒಂದು ಭಾಗವನ್ನು ಹೊರದೇಶದ ಮಾರುಕಟ್ಟೆಯಲ್ಲಿ, ಹೊರದೇಶದ ಕರೆನ್ಸಿಯಲ್ಲಿ ಎತ್ತಲು ಶುರು ಮಾಡುತ್ತದೆ. ಮೂರು, ಇದರಿಂದ ದೇಶದೊಳಗಿನ ಸರ್ಕಾರಿ ಸಾಲಪತ್ರಗಳ ಬೇಡಿಕೆಗೂ ಅನುಕೂಲ ಆಗುತ್ತದೆ. ಅಷ್ಟೇ, ಮುಂದಿನ ವಿಷಯ.

ಹಣಕಾಸು ಸಚಿವೆ ರಾಜ್ಯಸಭೆಗೆ ಹೋಗಿರೋದು ನಮ್ಮ ಕರ್ನಾಟಕದಿಂದ. ಹಾಗಾಗಿ ಈ ಮೂರು ವಾಕ್ಯಗಳ ಮೇಲೆ ನಮಗೆ ಒಂದು ತೂಕ ಜಾಸ್ತಿ ಹಕ್ಕಿದೆ ಅಂದ್ಕೊಂಡು ಬರೀತಿದ್ದೀನಿ. ನನ್ನ ತಕರಾರು ಯೋಜನೆಗಿಂತ ಮೊದಲು ಬರವಣಿಗೆ ಮೇಲೆ. ಸಾಲ ಕೊಡೋರು ಯಾರು, ಯಾವ ಊರಲ್ಲಿ ಅನ್ನೋದನ್ನು ಹೇಳಿದ ವಾಕ್ಯ, ರೂಪಾಯಿ ಬಿದ್ದರೆ ಆ ನಷ್ಟ ಯಾರದ್ದು ಅನ್ನೋದನ್ನು ಹೇಳಲಿಲ್ಲ. ವಿದೇಶಿ ಕರೆನ್ಸಿ ಬಾಂಡ್ ಅನ್ನೋ ಇಡೀ ವಿಷಯದಲ್ಲಿ ತಿಳ್ಕೋಬೇಕಾದ್ದು ಹೆಚ್ಚುಕಡಿಮೆ ಅದೊಂದೇ.

ಆಮೇಲೆ ಕನ್ನಡದಲ್ಲಿ ಬಂದ ವಿವರಣೆಗಳೂ ಇದೇ ದಾರಿ ಹಿಡಿದವು. ‘ವಿದೇಶದಲ್ಲಿ ಬಡ್ಡಿ ಕಡಿಮೆ, ಆದ್ದರಿಂದ ಅಲ್ಲಿ ಸಾಲ ಅಗ್ಗ’ ಅಂತ ಶುರು ಮಾಡಿ, ಕೊನೇ ಸಾಲಿನಲ್ಲಿ ‘ವಿನಿಮಯ ದರದ ಅಪಾಯವೂ ಇದೆ’ ಅಂತ ಸೇರಿಸಿ ಕೈತೊಳ್ಕೊಳ್ಳೋದು. ಸಿಗರೇಟು ಪ್ಯಾಕಿನ ಎಚ್ಚರಿಕೆ ಥರ. ಅಪಾಯ ಅನ್ನೋದು ಕೊನೇ ಸಾಲಿನ ವಿಷಯ ಅಲ್ಲ ಸ್ವಾಮಿ, ಆ ಬಡ್ಡಿ ಕಡಿಮೆ ಇರೋದೇ ಅದರಿಂದ.

ಹೆಸರುಗಳ ಗೊಂದಲ ಬೇರೆ. ‘ಯೂರೋಬಾಂಡ್’ ಅಂದ ತಕ್ಷಣ ಯೂರೋ ನೋಟು ಕಣ್ಣಮುಂದೆ ಬರುತ್ತೆ. ಯೂರೋ ಕರೆನ್ಸಿ ಹುಟ್ಟಿದ್ದು 1999ರಲ್ಲಿ, ಯೂರೋಬಾಂಡ್ ಹುಟ್ಟಿದ್ದು 1963ರಲ್ಲಿ. ಇಟಲಿಯ ಹೆದ್ದಾರಿ ಕಂಪನಿ ಆಟೋಸ್ಟ್ರಾಡೆಗೆ ಬೇಕಾಗಿದ್ದ ಒಂದೂವರೆ ಕೋಟಿ ಡಾಲರನ್ನು ಲಂಡನ್ನಿನ ಎಸ್.ಜಿ. ವಾರ್ಬರ್ಗ್ ಬ್ಯಾಂಕು ಯೂರೋಪಿನ ಹೂಡಿಕೆದಾರರಿಂದಲೇ ಎತ್ತಿಕೊಟ್ಟಿತು. ಇಟಲಿಯ ರಸ್ತೆ, ಇಂಗ್ಲೆಂಡಿನ ಬ್ಯಾಂಕು, ಅಮೆರಿಕದ ಡಾಲರು. ಅದೇ ತಿಂಗಳು ಅಮೆರಿಕ ತನ್ನ ಜನ ಕೊಳ್ಳೋ ವಿದೇಶಿ ಬಾಂಡುಗಳ ಮೇಲೆ ತೆರಿಗೆ ಹಾಕೋ ಪ್ರಸ್ತಾಪ ಇಟ್ಟಿತು, ವ್ಯಾಪಾರ ನ್ಯೂಯಾರ್ಕ್ ಬಿಟ್ಟು ಲಂಡನ್ನಿಗೆ ಬಂದು ಕೂತಿತು. ಅಲ್ಲಿಂದ ಇಲ್ಲಿಯವರೆಗೆ ಒಂದು ಕರೆನ್ಸಿಯ ಬಾಂಡನ್ನು ಆ ಕರೆನ್ಸಿಯ ಸ್ವಂತ ದೇಶದ ಹೊರಗೆ ಮಾರಿದರೆ ಅದು ಯೂರೋಬಾಂಡ್. ಜಪಾನಿಗೇ ಹೋಗಿ ಯೆನ್‌ನಲ್ಲಿ ಎತ್ತಿದರೆ ಸಮುರಾಯ್ ಬಾಂಡ್. ರೂಪಾಯಿ ಲೆಕ್ಕದ ಬಾಂಡನ್ನು ಲಂಡನ್ನಲ್ಲಿ ಮಾರಿದರೆ ಮಸಾಲಾ ಬಾಂಡ್. ಈ ಕೊನೇದಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ಅದು ಬೇರೆಯದೇ ಪ್ರಾಣಿ.

ಈಗ ಮೊದಲನೇ ವಾಕ್ಯ. ಶೇ. 5ಕ್ಕಿಂತ ಕಡಿಮೆ ಅನ್ನೋದು ನಿಜ. ಆದರೆ ಅದನ್ನು ಹೇಳಿದ ರೀತಿ, ‘ಇಷ್ಟು ದಿನ ಕುಡಿದಿಲ್ಲ, ಲಿವರ್ ಚೆನ್ನಾಗಿದೆ, ಹಾಗಾಗಿ ಶುರು ಮಾಡೋಣ’ ಅನ್ನೋ ಹಾಗಿದೆ. ಸಾಲ ಕಡಿಮೆ ಇರೋದಕ್ಕೆ ಮುಖ್ಯ ಕಾರಣವೇ ಸರ್ಕಾರ ಡಾಲರ್ ಬಾಂಡ್ ಮಾರುಕಟ್ಟೆಗೆ ಕಾಲಿಡದೇ ಇದ್ದದ್ದು. ವಿಶ್ವಬ್ಯಾಂಕು, ಜಪಾನಿನ ಜೈಕಾ ಥರದ ಸಂಸ್ಥೆಗಳಿಂದ ದೀರ್ಘಾವಧಿ ಸಾಲ ತಂದದ್ದುಂಟು, ಅದು ಬಾಂಡ್ ಅಲ್ಲ. ಬಾಂಡನ್ನು ಕೊಂಡವನು ನಾಳೆ ಬೆಳಿಗ್ಗೆ ಇನ್ನೊಬ್ಬನಿಗೆ ಮಾರಬಹುದು, ಮಾರುವಾಗ ಬೆಲೆ ಬೀಳಿಸಬಹುದು, ಆ ಬೆಲೆ ನೋಡಿ ಇಡೀ ಜಗತ್ತು ನಮ್ಮ ಬಗ್ಗೆ ತೀರ್ಪು ಕೊಡಬಹುದು. ವಿಶ್ವಬ್ಯಾಂಕು ಹಾಗೆ ಮಾಡಲ್ಲ.

ಸ್ವಾತಂತ್ರ್ಯಕ್ಕೆ ಮುಂಚಿನ ಕಥೆ ಬೇರೆ, ಅದು ನಮ್ಮ ಊರಿನ ಪಕ್ಕದಲ್ಲೇ ಹಾದುಹೋಗಿದೆ. ನನ್ನ ಊರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ಅದೇ ತಾಲ್ಲೂಕಿನ ಚಿಕ್ಕಜಾಜೂರು ಸ್ಟೇಷನ್ ಇರೋದು ಬೆಂಗಳೂರು–ಹರಿಹರ ರೈಲು ಮಾರ್ಗದಲ್ಲಿ. ಹರಿಹರದವರೆಗೆ 1889ರಲ್ಲಿ ಮುಗಿದ ಈ ಮಾರ್ಗವನ್ನು ಮೈಸೂರು ಸರ್ಕಾರ ತಾನೇ ಕಟ್ಟಲು ಶುರು ಮಾಡಿ, ದುಡ್ಡು ಸಾಲದೆ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಿತು. ಕಂಪನಿ ಲಂಡನ್ನಿನಲ್ಲಿ ಪೌಂಡ್ ಸಾಲಪತ್ರ ಮಾರಿ ಹಣ ಎತ್ತಿತು, ಬಡ್ಡಿ ಶೇ. 4. ಬಡ್ಡಿ ಪೌಂಡಿನಲ್ಲಿ, ಟಿಕೆಟ್ಟಿನ ಮತ್ತು ಸರಕಿನ ಆದಾಯ ಬೆಳ್ಳಿ ರೂಪಾಯಿಯಲ್ಲಿ. ಆ ಕಾಲದಲ್ಲಿ ಬೆಳ್ಳಿಯ ಬೆಲೆ ಕುಸೀತಾ ಇತ್ತು. 1870ರ ಸುಮಾರಿಗೆ ಒಂದು ರೂಪಾಯಿಗೆ ಹೆಚ್ಚುಕಡಿಮೆ ಎರಡು ಶಿಲ್ಲಿಂಗ್ ಸಿಗುತ್ತಿತ್ತು, 1890ರ ದಶಕದ ಮಧ್ಯಕ್ಕೆ ಅದು ಒಂದು ಶಿಲ್ಲಿಂಗ್ ಒಂದೆರಡು ಪೆನ್ನಿಗೆ ಇಳಿದಿತ್ತು. ಶೇ. 4 ಅನ್ನೋದು ಕಾಗದದ ಮೇಲೆ ನಾಲ್ಕೇ ಆಗಿತ್ತು. ಅದನ್ನು ತೀರಿಸಲು ಬೇಕಾದ ರೂಪಾಯಿಗಳು ಮಾತ್ರ ವರ್ಷ ವರ್ಷ ಜಾಸ್ತಿ. ರೈಲು ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ, ಇವತ್ತೂ ಊರಿಗೆ ಹೋಗೋಕೆ ಅದೇ ಹಳಿ. ಆದರೆ ‘ನಾವು ಇದಕ್ಕೆ ಹೊಸಬರು’ ಅನ್ನೋ ಧಾಟಿಯಲ್ಲಿ ಬರೆದ ವಾಕ್ಯಕ್ಕೆ ಈ ನೆನಪು ಇರಬೇಕಿತ್ತು.

ಎರಡನೇ ವಾಕ್ಯದಲ್ಲಿ ಎಲ್ಲ ಭಾರ ಹೊತ್ತಿರೋದು ‘ಹೊರದೇಶದ ಕರೆನ್ಸಿಯಲ್ಲಿ’ ಅನ್ನೋ ಎರಡೇ ಪದ. ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದು ನಮ್ಮ ಚಿಕ್ಕಪ್ಪ. ಹೊಳಲ್ಕೆರೆ ಕಡೆಯವರಿಗೆ ಭದ್ರಾ ಮೇಲ್ದಂಡೆ ಅಂದ್ರೆ ಎರಡು ತಲೆಮಾರಿನ ಮಾತು. 2023–24ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಕೊಡ್ತೀವಿ ಅಂತ ಘೋಷಣೆ ಆಯ್ತು, ಆ ಹಣ ಬಂದಿಲ್ಲ ಅನ್ನೋದು ರಾಜ್ಯ ಸರ್ಕಾರ ಪದೇ ಪದೇ ಹೇಳ್ತಾ ಬಂದಿರೋ ಮಾತು. ಚಿಕ್ಕಪ್ಪನ ಸಿಟ್ಟು ಇಬ್ಬರ ಮೇಲೂ ಇದೆ. ಕಳೆದ ಸಲ ಊರಿಗೆ ಹೋದಾಗ ಕೇಳಿದರು:

“ಕೇರಳದೋರು ಲಂಡನ್ನಿಂದ ದುಡ್ಡು ತಂದ್ರಂತೆ. ಅಲ್ಲಿ ಮೂರು ಪರ್ಸೆಂಟಿಗೆ ಸಿಗ್ತೈತಂತಲ್ಲಪ್ಪ, ನಮ್ಮೋರೂ ತಂದು ಕಾಲುವೆ ಮುಗಿಸಬಾರ್ದಾ?”

ನಾನು ಉತ್ತರ ಕೊಡೋ ಬದಲು ಒಂದು ಪ್ರಶ್ನೆ ಕೇಳಿದೆ. “ಚಿಕ್ಕಪ್ಪ, ಯಾರಾದ್ರೂ ಬಂದು ಒಂದು ಕ್ವಿಂಟಾಲ್ ಅಡಿಕೆ ಸಾಲ ಕೊಡ್ತೀನಿ, ಐದು ವರ್ಷ ಬಿಟ್ಟು ಒಂದು ಕ್ವಿಂಟಾಲ್ ಅಡಿಕೇನೇ ವಾಪಸ್ ಕೊಡಿ, ಬಡ್ಡಿ ವರ್ಷಕ್ಕೆ ಮೂರೇ ಕೆಜಿ ಅಂದ್ರೆ ತಗೋತೀರಾ?”

“ನಂಗೇನು, ತೋಟದಾಗೆ ಬೆಳೀತೈತೆ, ಕೊಟ್ರಾಯ್ತು. ಆದ್ರೆ ಮೆಕ್ಕೆಜೋಳ ಹಾಕೋನು ತಗಂಡ್ರೆ ಕೆಟ್ಟ. ಅಡಿಕೆ ರೇಟು ಏರಿದ್ರೆ ಅವನು ಎಷ್ಟು ಚೀಲ ಜೋಳ ಮಾರಿ ಕೊಳ್ಳಬೇಕು?”

ಡಾಲರ್ ಬಾಂಡಿನ ಅರ್ಥಶಾಸ್ತ್ರ ಇದಕ್ಕಿಂತ ಹೆಚ್ಚೇನಿಲ್ಲ. ಡಾಲರ್ ಬೆಳೆಯೋ ತೋಟ ಇದ್ದವನು ಡಾಲರ್ ಸಾಲ ಮಾಡಬಹುದು. ಭಾರತ ಸರ್ಕಾರದ ಆದಾಯ ತೆರಿಗೆ, ಜಿಎಸ್‌ಟಿ ಬರೋದು ರೂಪಾಯಿಯಲ್ಲಿ. ಭದ್ರಾ ಮೇಲ್ದಂಡೆ ನೀರಿನಲ್ಲಿ ಬೆಳೆದ ಅಡಿಕೆ ಭೀಮಸಮುದ್ರದಲ್ಲಿ ಮಾರಾಟ ಆಗೋದೂ ರೂಪಾಯಿಯಲ್ಲಿ. ಸರ್ಕಾರ ಅನ್ನೋದು ಮೆಕ್ಕೆಜೋಳದ ರೈತ.

ಲೆಕ್ಕ ಹಾಕಿಯೇ ನೋಡೋಣ. ಆ ಭಾಷಣದ ಹೊತ್ತಿಗೆ ಡಾಲರಿಗೆ ಸುಮಾರು 68.50 ರೂಪಾಯಿ. ಅವತ್ತು 100 ಡಾಲರಿನ ಐದು ವರ್ಷದ ಬಾಂಡನ್ನು ಶೇ. 3.5 ಬಡ್ಡಿಗೆ ಮಾರಿದ್ದರೆ ಕೈಗೆ 6,850 ರೂಪಾಯಿ ಬರ್ತಿತ್ತು. 2024ರ ಜುಲೈನಲ್ಲಿ ಡಾಲರ್ ಸುಮಾರು 83.50. ಅಸಲು ತೀರಿಸೋಕೇ 8,350 ರೂಪಾಯಿ ಬೇಕು. ಬಡ್ಡಿ ಬಿಟ್ಟು ಅಸಲೇ 1,500 ರೂಪಾಯಿ ಊದಿಕೊಂಡಿತು, ಅಂದರೆ ವರ್ಷಕ್ಕೆ ಸುಮಾರು ಶೇ. 4. ಅದನ್ನು ಶೇ. 3.5ರ ಜೊತೆ ಸೇರಿಸಿದರೆ ನಿಜವಾದ ಬಡ್ಡಿ ಶೇ. 7.5 ದಾಟುತ್ತೆ. 2019ರ ಜುಲೈನಲ್ಲಿ ಸರ್ಕಾರ ದೇಶದೊಳಗೇ ಹತ್ತು ವರ್ಷಕ್ಕೆ ರೂಪಾಯಿ ಸಾಲ ಎತ್ತುತ್ತಿದ್ದದ್ದು ಶೇ. 6.5ರ ಆಸುಪಾಸಿನಲ್ಲಿ. ಅಗ್ಗದ ಸಾಲ ದುಬಾರಿ ಬೀಳ್ತಿತ್ತು. ‘ಹೆಡ್ಜ್ ಮಾಡಿದರಾಯ್ತಲ್ಲ’ ಅಂತೀರಾ? ಐದು ವರ್ಷದ ಮುಂದಿನ ಡಾಲರನ್ನು ಇವತ್ತೇ ದರ ನಿಗದಿ ಮಾಡಿ ಕಾಯ್ದಿರಿಸೋಕೆ ತೆರಬೇಕಾದ ಖರ್ಚು, ಸಾಮಾನ್ಯವಾಗಿ ಎರಡು ದೇಶಗಳ ಬಡ್ಡಿ ವ್ಯತ್ಯಾಸದಷ್ಟೇ ಇರುತ್ತೆ. ಉಳಿಸಿದ್ದನ್ನು ಇನ್ನೊಂದು ಕೈಲಿ ಕೊಟ್ಟ ಹಾಗೆ. ಮಾರುಕಟ್ಟೆಯವರು ದಡ್ಡರಲ್ಲ.

ಇನ್ನು ಚಿಕ್ಕಪ್ಪನ ಕೇರಳದ ಮಾತು. ಅವರು ಕೇಳಿದ್ದು ಕಿಫ್ಬಿ ಅಂತ ಕರೆಯೋ ಕೇರಳ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿಯ ಬಾಂಡ್ ಬಗ್ಗೆ. 2019ರಲ್ಲಿ ಅದು 2,150 ಕೋಟಿ ರೂಪಾಯಿ ಎತ್ತಿತು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಲಂಡನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಗಂಟೆ ಬಾರಿಸಿದ ಫೋಟೋ ಎಲ್ಲ ಕಡೆ ಬಂತು. ಕಾಸರಗೋಡಿನ ಕನ್ನಡಿಗರಿಗೆ ಕಿಫ್ಬಿ ಹೊಸ ಹೆಸರಲ್ಲ, ನಮ್ಮ ಗಡಿಯಲ್ಲೇ ಇರೋ ನಂದಾರಪದವಿನಿಂದ ಶುರುವಾಗಿ ಕೇರಳದ ಉದ್ದಕ್ಕೂ ಹೋಗೋ ಗುಡ್ಡಗಾಡು ಹೆದ್ದಾರಿಗೆ ಹಣ ಹಾಕಿದ್ದು ಇದೇ ಮಂಡಳಿ.

ಫೋಟೋ ನೋಡಿದವರು ಗಮನಿಸದೇ ಹೋದದ್ದು ಎರಡು. ಅದು ಡಾಲರ್ ಸಾಲ ಅಲ್ಲ, ಮಸಾಲಾ ಬಾಂಡ್. ಸಾಲ ಕೊಟ್ಟವರು ಹೊರದೇಶದವರು, ಲೆಕ್ಕ ಮಾತ್ರ ರೂಪಾಯಿಯದ್ದು. ಮತ್ತೆ ಬಡ್ಡಿ ಮೂರಲ್ಲ, ಶೇ. 9.723. ಆಗ ರಾಜ್ಯ ಸರ್ಕಾರಗಳು ದೇಶದೊಳಗೇ ಎಂಟು, ಎಂಟೂವರೆಗೆ ಸಾಲ ಪಡೀತಿದ್ದವು. ಯಾಕಿಷ್ಟು ಜಾಸ್ತಿ ಅಂದ್ರೆ, ಇಲ್ಲಿ ರೂಪಾಯಿ ಬೀಳೋ ನಷ್ಟ ಸಾಲ ಕೊಟ್ಟವನದ್ದು, ಅವನು ಅದಕ್ಕೆ ಮುಂಗಡವಾಗೇ ಬೆಲೆ ಕಟ್ಟಿಕೊಂಡಿದ್ದಾನೆ. 2019ರ ಮಾರ್ಚಿನ ದರದಲ್ಲಿ 2,150 ಕೋಟಿ ಅಂದ್ರೆ ಸುಮಾರು 31 ಕೋಟಿ ಡಾಲರ್. 2024ರ ಮಾರ್ಚಿನಲ್ಲಿ ಅಸಲು ವಾಪಸ್ ಹೋದಾಗ ಅದೇ 2,150 ಕೋಟಿ 26 ಕೋಟಿ ಡಾಲರಿಗೂ ಕಡಿಮೆ. ಐದು ಕೋಟಿ ಡಾಲರ್ ಕರಗಿದ್ದು ಹೂಡಿಕೆದಾರನ ಜೇಬಿನಲ್ಲಿ, ಅದರ ಬದಲಿಗೆ ಅವನು ವರ್ಷಕ್ಕೆ ಸುಮಾರು 209 ಕೋಟಿ ರೂಪಾಯಿ ಬಡ್ಡಿ ಎಣಿಸಿಕೊಂಡ. ನನ್ನ ಅಭಿಪ್ರಾಯ ಕೇಳಿದರೆ ದುಬಾರಿ ಸಾಲ, ಆದರೆ ಪ್ರಾಮಾಣಿಕವಾದ ಸಾಲ. ಎಷ್ಟು ಕೊಡಬೇಕು ಅನ್ನೋದು ಮೊದಲ ದಿನವೇ ಗೊತ್ತಿತ್ತು. ‘ಲಂಡನ್ನಿನ ಅಗ್ಗದ ದುಡ್ಡು’ ಅಂತ ಅದನ್ನು ಹೊಗಳಿದವರದ್ದು ಮಾತ್ರ ಗಂಟೆಯ ಸದ್ದು.

ಹಾಗಾದ್ರೆ ಕರ್ನಾಟಕವೂ ಮಾಡಬಹುದಾ? ಸಂವಿಧಾನದ 293ನೇ ವಿಧಿ ಪ್ರಕಾರ ರಾಜ್ಯ ಸರ್ಕಾರ ತನ್ನ ಸಂಚಿತ ನಿಧಿಯ ಭದ್ರತೆ ಮೇಲೆ ಸಾಲ ಎತ್ತಬಹುದಾದ್ದು ಭಾರತದ ಒಳಗೆ ಮಾತ್ರ. ಕೇರಳ ಎತ್ತಿದ್ದು ಸರ್ಕಾರದ ಹೆಸರಿನಲ್ಲಲ್ಲ, ಮಂಡಳಿಯ ಹೆಸರಿನಲ್ಲಿ. ಆದರೆ ಮಂಡಳಿಗೆ ಬರೋ ಹಣ ವಾಹನ ತೆರಿಗೆಯ ಪಾಲು, ಪೆಟ್ರೋಲ್ ಸೆಸ್ಸು. ಇದು 293ನೇ ವಿಧಿಯನ್ನು ಬಳಸಿ ದಾಟಿದ ಹಾಗಾಯ್ತು ಅಂತ ಸಿಎಜಿ ಆಕ್ಷೇಪ ಎತ್ತಿತು, ಕೇರಳ ಒಪ್ಪಲಿಲ್ಲ, ಜಗಳ ದೊಡ್ಡದಾಯ್ತು. ನಮ್ಮ ಬೆಂಗಳೂರಿನ ಮೆಟ್ರೋಗೆ, ಕಾವೇರಿ ನೀರಿಗೆ ಬಂದ ಜೈಕಾದ ಯೆನ್ ಸಾಲಗಳು ಕೂಡ ಕೇಂದ್ರ ಸರ್ಕಾರದ ಮೂಲಕವೇ ಬಂದವು. ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದ್ದಕ್ಕೆ ಅವರಂದದ್ದು ಇಷ್ಟೇ: “ಅಂಗಾರೆ ದುಡ್ಡು ದಿಲ್ಲಿಯಿಂದ್ಲೇ ಬರ್ಬೇಕು ಅನ್ನು.”

ಮೂರನೇ ವಾಕ್ಯ ನೋಡೋಕೆ ಸಾಧು, ಒಳಗೆ ಟೊಳ್ಳು. ಹೊರಗೆ ಸಾಲ ಎತ್ತಿದರೆ ಒಳಗೆ ಸಾಲದ ಒತ್ತಡ ಕಡಿಮೆಯಾಗುತ್ತೆ ಅನ್ನೋದು ಅದರ ತರ್ಕ. ಸರ್ಕಾರಕ್ಕೆ ಖರ್ಚು ಮಾಡೋಕೆ ಬೇಕಾಗಿರೋದು ರೂಪಾಯಿ. ತಂದ ಡಾಲರನ್ನು ರಿಸರ್ವ್ ಬ್ಯಾಂಕಿಗೆ ಕೊಡಬೇಕು, ಅದು ಹೊಸ ರೂಪಾಯಿ ಕೊಡುತ್ತೆ. ಹಾಗೆ ಮಾರುಕಟ್ಟೆಗೆ ಬಂದ ಹೆಚ್ಚುವರಿ ರೂಪಾಯಿ ಬೆಲೆ ಏರಿಸಬಾರದು ಅಂದ್ರೆ ರಿಸರ್ವ್ ಬ್ಯಾಂಕು ತನ್ನ ಬಳಿ ಇರೋ ಸರ್ಕಾರಿ ಸಾಲಪತ್ರ ಮಾರಿ ಆ ಹಣವನ್ನು ಹೀರಿಕೊಳ್ಳಬೇಕು. ಅಂದರೆ ಮುಂಬಾಗಿಲಿನಿಂದ ಹೊರಗೆ ಕಳಿಸಿದ ಸಾಲಪತ್ರ ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು. ಈ ಯೋಜನೆ ಬಗ್ಗೆ ರಿಸರ್ವ್ ಬ್ಯಾಂಕಿನ ಹಿಂದಿನ ಗವರ್ನರುಗಳಾದ ರಘುರಾಮ್ ರಾಜನ್, ಸಿ. ರಂಗರಾಜನ್, ವೈ.ವಿ. ರೆಡ್ಡಿ ಎಚ್ಚರಿಕೆಯ ಮಾತಾಡಿದರು. ಬೇರೆ ಯಾವುದರಲ್ಲೂ ಅವರ ಜೊತೆ ಕೂರದ ಸ್ವದೇಶಿ ಜಾಗರಣ ಮಂಚ್ ಕೂಡ ಬೇಡ ಅಂದಿತು. ಬಜೆಟ್ ಆಗಿ ಮೂರು ವಾರದೊಳಗೆ ಹಣಕಾಸು ಕಾರ್ಯದರ್ಶಿ ಸುಭಾಷ್ ಚಂದ್ರ ಗರ್ಗ್ ಇಂಧನ ಇಲಾಖೆಗೆ ವರ್ಗವಾದರು, ಅವರು ಸ್ವಯಂ ನಿವೃತ್ತಿ ಕೇಳಿದರು. ಬಾಂಡ್ ಮೂಲೆ ಸೇರಿತು.

ನ್ಯಾಯವಾಗಿ ಹೇಳಬೇಕಂದ್ರೆ ಡಾಲರ್ ಸಾಲ ಗೆದ್ದ ಉದಾಹರಣೆಗಳೂ ಇವೆ. 1998ರ ಪೋಖ್ರಾನ್ ಪರೀಕ್ಷೆ ಆಗಿ ನಿರ್ಬಂಧಗಳು ಬಿದ್ದಾಗ ಸ್ಟೇಟ್ ಬ್ಯಾಂಕು ಅನಿವಾಸಿ ಭಾರತೀಯರಿಗೆ ರಿಸರ್ಜೆಂಟ್ ಇಂಡಿಯಾ ಬಾಂಡ್ ಮಾರಿ 420 ಕೋಟಿ ಡಾಲರಿನಷ್ಟು ಎತ್ತಿತು, ಐದು ವರ್ಷ, ಡಾಲರಿನಲ್ಲಿ ಶೇ. 7.75. ರೂಪಾಯಿ ಒಂದು ಮಿತಿಗಿಂತ ಹೆಚ್ಚು ಬಿದ್ದರೆ ಆ ನಷ್ಟ ಬ್ಯಾಂಕಿನದ್ದಲ್ಲ, ಸರ್ಕಾರದ್ದು ಅನ್ನೋ ಒಪ್ಪಂದ ಇತ್ತು. ಎತ್ತುವಾಗ ಡಾಲರಿಗೆ 42–43 ರೂಪಾಯಿ, 2003ರಲ್ಲಿ ತೀರಿಸುವಾಗ 45ರ ಆಸುಪಾಸು. ಬಚಾವ್. ಅದೇ ಐದು ವರ್ಷ 2011ರಿಂದ 2016 ಆಗಿದ್ದರೆ ಕಥೆ ಬೇರೆ ಇರ್ತಿತ್ತು.

ವಿಪ್ರೋದ್ದು ಅದೃಷ್ಟ ಅಲ್ಲ, ಲೆಕ್ಕ. 2021ರ ಜೂನ್‌ನಲ್ಲಿ ಅದರ ಅಮೆರಿಕದ ಅಂಗಸಂಸ್ಥೆ 75 ಕೋಟಿ ಡಾಲರ್ ಬಾಂಡನ್ನು ಐದು ವರ್ಷಕ್ಕೆ ಶೇ. 1.5ರ ಬಡ್ಡಿಗೆ ಮಾರಿತು. ಆ ವರ್ಷವೇ ಕ್ಯಾಪ್ಕೋ ಕಂಪನಿಯನ್ನು 145 ಕೋಟಿ ಡಾಲರಿಗೆ ಕೊಂಡಿತ್ತು. ಸರ್ಜಾಪುರ ರಸ್ತೆಯಲ್ಲಿ ಕೂತು ನಿಮ್ಮಲ್ಲಿ ಹಲವರು ಬರೆದ ಕೋಡಿಗೆ ಬಿಲ್ ಆಗೋದು ಬಹುಪಾಲು ಡಾಲರಿನಲ್ಲಿ. ರೂಪಾಯಿ ಬಿದ್ದರೆ ಸಾಲ ಊದುತ್ತೆ, ಆದಾಯವೂ ಊದುತ್ತೆ. ಇದು ಅಡಿಕೆ ತೋಟದವನು ಮಾಡಿದ ಅಡಿಕೆ ಸಾಲ.

ಈಗ ನಮ್ಮ ಫೋನುಗಳಿಗೇ ಡಾಲರ್ ಬಾಂಡಿನ ಜಾಹೀರಾತು ಬರ್ತಿದೆ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಹೊರಗೆ ಕಳಿಸೋಕೆ ನಿಯಮದಲ್ಲಿ ಅವಕಾಶ ಇದೆ. ಕೊಳ್ಳೋರ ಕಡೆಯಿಂದ ಲೆಕ್ಕ ಉಲ್ಟಾ, ರೂಪಾಯಿ ಬಿದ್ದರೆ ನಿಮಗೆ ಲಾಭ. ಮಗಳನ್ನು ಅಮೆರಿಕದಲ್ಲಿ ಓದಿಸೋ ಯೋಚನೆ ಇದ್ದವರಿಗೆ ಮುಂದಿನ ಖರ್ಚು ಡಾಲರಿನಲ್ಲೇ ಇರೋದರಿಂದ ಹೊಂದುತ್ತೆ. ಆದರೆ ಆ ಬಾಂಡ್ ಯಾರದ್ದು ಅಂತ ನೋಡಿ. ಶ್ರೀಲಂಕಾ ಸರ್ಕಾರ 2007ರಿಂದ ಡಾಲರ್ ಬಾಂಡ್ ಮಾರ್ತಾ ಬಂದು, 2022ರ ಏಪ್ರಿಲ್‌ನಲ್ಲಿ ಕೊಡೋಕಾಗಲ್ಲ ಅಂತ ಕೈಚೆಲ್ಲಿತು. ಚಹಾ, ಗಾರ್ಮೆಂಟ್ಸು, ಪ್ರವಾಸಿಗರು ತರೋ ಡಾಲರ್ ಆ ಸಾಲಕ್ಕೆ ಸಾಲಲಿಲ್ಲ. ಅದರ ಬಾಂಡುಗಳಲ್ಲೂ ಹೊಳಪಿನ ಕಾಗದ, ಒಳ್ಳೇ ಬಡ್ಡಿ ಎಲ್ಲ ಇತ್ತು.

2020ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ‘ಹೊರದೇಶದ ಕರೆನ್ಸಿ’ಯ ಮಾತಿಲ್ಲ. ಬದಲಿಗೆ ಕೆಲವು ಬಗೆಯ ಸರ್ಕಾರಿ ಸಾಲಪತ್ರಗಳನ್ನು ಅನಿವಾಸಿ ಹೂಡಿಕೆದಾರರಿಗೆ ಪೂರ್ತಿ ತೆರೆಯುತ್ತೇವೆ ಅನ್ನೋ ಒಂದು ವಾಕ್ಯ ಬಂತು. ಅಂದರೆ ನಾವು ಅವರ ಕರೆನ್ಸಿಗೆ ಹೋಗೋದಲ್ಲ, ಅವರೇ ನಮ್ಮ ರೂಪಾಯಿ ಬಾಂಡ್ ಕೊಳ್ಳಲಿ. 2024ರ ಜೂನ್ 28ರಿಂದ ಆ ಬಾಂಡುಗಳು ಜೆಪಿ ಮಾರ್ಗನ್ನಿನ ಸೂಚ್ಯಂಕಕ್ಕೂ ಸೇರಿದವು. ರೂಪಾಯಿ ಬಿದ್ದರೆ ಅವರ ಹೂಡಿಕೆ ಕರಗುತ್ತೆ, ಅವರೆಲ್ಲ ಹೆದರಿ ಒಂದೇ ದಿನ ಮಾರಿ ಹೊರಟರೆ ರೂಪಾಯಿ ಇನ್ನಷ್ಟು ಬೀಳೋ ತಲೆನೋವು ನಮಗೆ. ಈ ವಾಕ್ಯವನ್ನೂ ಟಿವಿಯವರು ಯಾರೂ ಓದಲಿಲ್ಲ, ಅವತ್ತು ಅವರು ಭಾಷಣ ಎರಡೂವರೆ ಗಂಟೆ ದಾಟಿದ್ದನ್ನು ಎಣಿಸೋದರಲ್ಲಿದ್ದರು.